ಗೇಣುದ್ದದ ಟ್ರಕ್ಕು

ಬೇಸಿಗೆ ರಜೆ ಶುರುವಾಯಿತೆಂದರೆ ಮನೆಯಲ್ಲಿ ಎರಡು ಪಕ್ಷಗಳು ಹುಟ್ಟಿಕೊಳ್ಳುತ್ತವೆ. ಮುಂದಿನ ತರಗತಿಯ ಗಣಿತಕ್ಕೆ ಈಗಿನಿಂದಲೇ ಟ್ಯೂಷನ್ ಹಾಕಬೇಕೆನ್ನುವ ಅಪ್ಪ ಅಮ್ಮನದು ಒಂದು. ಮೂಲೆಯಲ್ಲಿ ಹಳೆಯ ಪೇಪರ್ ಹಾಸಿಕೊಂಡು, ಅಂಟು, ಬ್ಲೇಡು, ಬಣ್ಣದ ಡಬ್ಬಿಗಳ ನಡುವೆ ಏನನ್ನೋ ಅಂಟಿಸುತ್ತ, ಊಟಕ್ಕೆ ಕರೆದರೂ ಏಳದ ಮಕ್ಕಳದು ಇನ್ನೊಂದು. ‘ಇದರಿಂದ ಏನು ಮಾರ್ಕ್ಸ್ ಬರುತ್ತೇನೋ?’ ಎಂಬ ಪ್ರಶ್ನೆಗೆ ಮಕ್ಕಳ ಬಳಿ ಉತ್ತರವಿರುವುದಿಲ್ಲ. ಈ ವ್ಯಾಜ್ಯಕ್ಕೆ ಸಾಕ್ಷಿಯಾಗಿ ಒಂದು ಟ್ರಕ್ಕನ್ನು ಕರೆಯೋಣ. ಅದರ ಉದ್ದ ಒಂದು ಗೇಣಿಗೂ ಕಡಿಮೆ. ಅದರಲ್ಲಿ ಏನನ್ನೂ ಹೇರುವಂತಿಲ್ಲ, ಅದು ಓಡುವುದೂ ಇಲ್ಲ. ಆದರೆ ಸರಿಯಾಗಿ ಕಟ್ಟಿದ್ದೇ ಆದರೆ ಅದು ಕಲಿಸುವ ಪಾಠ ಸಣ್ಣದೇನಲ್ಲ.

ಪಿಕಪ್ ಎಂದರೆ ಗೊತ್ತಲ್ಲ? ಮುಂದೆ ಇಬ್ಬರು ಮೂವರು ಕೂರುವ ಕ್ಯಾಬಿನ್, ಹಿಂದೆ ಸಾಮಾನು ಹೇರುವ ತೆರೆದ ತೊಟ್ಟಿ. ಇಂದು ನಮ್ಮ ತರಕಾರಿ ಮಂಡಿಗಳ ಮುಂದೆ ಸಾಲುಗಟ್ಟಿ ನಿಲ್ಲುವ ಈ ಜಾತಿಯ ಗಾಡಿಗಳ ಮೂಲ ಮನೆ ಅಮೆರಿಕ. ಅಲ್ಲಿನ ರೈತರು ಮೊದಮೊದಲು ಕಾರು ಕೊಂಡು, ಹಿಂಭಾಗಕ್ಕೆ ತಾವೇ ಮರದ ಪೆಟ್ಟಿಗೆ ಕಟ್ಟಿಸಿಕೊಳ್ಳುತ್ತಿದ್ದರು. 1925ರಲ್ಲಿ ಫೋರ್ಡ್ ಕಂಪನಿ ತನ್ನ ಮಾಡೆಲ್ ಟಿ ಕಾರಿಗೆ ಕಾರ್ಖಾನೆಯಲ್ಲೇ ತೊಟ್ಟಿ ಕೂರಿಸಿ 281 ಡಾಲರಿಗೆ ಮಾರತೊಡಗಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ಷೆವರ್ಲೆ ಕಂಪನಿ ಹೊಸ ಸರಣಿಯ ಟ್ರಕ್ಕುಗಳನ್ನು ಬಿಟ್ಟಿತು. ಉಬ್ಬಿದ ಮಡ್‌ಗಾರ್ಡು, ದುಂಡನೆಯ ತಲೆ, ಮುಂಭಾಗದಲ್ಲಿ ಐದು ಅಡ್ಡಪಟ್ಟಿಗಳ ಜಾಲರಿ. ಅರ್ಧ ಟನ್ನಿನ ಗಾಡಿಗೆ 3100 ಎಂದು ಹೆಸರು. 1955ರವರೆಗೆ ಇದೇ ರೂಪ ನಡೆಯಿತು. ನಮ್ಮ ಅಜ್ಜಂದಿರಿಗೆ ಷೆವರ್ಲೆ ಹೆಸರು ಹೊಸದೇನಲ್ಲ. ಅದರ ಒಡೆಯನಾದ ಜನರಲ್ ಮೋಟರ್ಸ್ 1928ರಿಂದ 1954ರವರೆಗೆ ಮುಂಬೈಯ ಶಿವಡಿಯಲ್ಲಿ ಕಾರು, ಲಾರಿಗಳನ್ನು ಜೋಡಿಸುತ್ತಿತ್ತು.

ಹಳೆಯ ಗಾಡಿಗಳ ಪೈಕಿ ಮಾದರಿ ಕಟ್ಟುವವರಿಗೆ ಅಚ್ಚುಮೆಚ್ಚಿನದು ಈ ಪಿಕಪ್. ಕಾರಣವಿದೆ. ಕಾರಾದರೆ ಹೊಳೆಯಲೇಬೇಕು. ಪಿಕಪ್ ಹೊಳೆಯಬಹುದು, ತುಕ್ಕು ಹಿಡಿದಿರಬಹುದು, ಅದರ ತೊಟ್ಟಿಯಲ್ಲಿ ಹುಲ್ಲಿನ ಪಿಂಡಿ ಇರಬಹುದು, ಮೋಟಾರ್‌ಸೈಕಲ್ ಇರಬಹುದು. ಕಲ್ಪನೆಗೆ ಜಾಗ ಹೆಚ್ಚು.

ಒಂದು ಮೀಟರಿಗೆ ನಾಲ್ಕು ಸೆಂಟಿಮೀಟರ್

ಇಂಥ ಮಾದರಿಗಳು ಸಾಮಾನ್ಯವಾಗಿ ಕಿಟ್ ರೂಪದಲ್ಲಿ ದೊರೆಯುತ್ತವೆ. ಪೆಟ್ಟಿಗೆ ಬಿಚ್ಚಿದರೆ ಪ್ಲಾಸ್ಟಿಕ್ ಕಡ್ಡಿಗಳಿಗೆ ಅಂಟಿಕೊಂಡ ಹತ್ತಾರು ಬಿಡಿಭಾಗಗಳು, ರಬ್ಬರಿನ ಟೈರುಗಳು, ಒಂದು ಹಾಳೆ ಸೂಚನೆ. ಈ ಉದ್ಯಮ ಬೆಳೆದ ಬಗೆ ಸ್ವಾರಸ್ಯಕರ. ಹೊಸ ಕಾರು ಬಂದಾಗ ಷೋರೂಮುಗಳಲ್ಲಿ ಗಿರಾಕಿಗಳಿಗೆ ತೋರಿಸಲು, ಮಕ್ಕಳ ಕೈಗೆ ಕೊಡಲು ಕಂಪನಿಗಳು ಪುಟ್ಟ ಮಾದರಿಗಳನ್ನು ಮಾಡಿಸುತ್ತಿದ್ದವು. ಅಂಥ ಮಾದರಿಗಳನ್ನು ಮಾಡಿಕೊಡುತ್ತಿದ್ದ ಅಮೆರಿಕದ ಎ.ಎಂ.ಟಿ. ಕಂಪನಿ 1958ರಲ್ಲಿ ಒಂದು ಜಾಣತನ ಮಾಡಿತು. ಅದೇ ಅಚ್ಚುಗಳಿಂದ ಬಿಡಿಭಾಗಗಳನ್ನು ತೆಗೆದು, ಒಂದೇ ಪೆಟ್ಟಿಗೆಯಲ್ಲಿ ಮೂರು ಬಗೆಯಾಗಿ ಕಟ್ಟಲು ಬರುವಂತೆ ಹೆಚ್ಚುವರಿ ಭಾಗಗಳನ್ನು ಸೇರಿಸಿ ಮಾರಿತು. ಷೋರೂಮಿನಲ್ಲಿದ್ದಂತೆ ಕಟ್ಟಿ, ಇಲ್ಲವೆ ನಿಮಗೆ ಬೇಕಾದಂತೆ ಮಾರ್ಪಡಿಸಿ, ಇಲ್ಲವೆ ರೇಸಿನ ಗಾಡಿ ಮಾಡಿ! ಹುಡುಗರು ಮುಗಿಬಿದ್ದರು. 1950ರ ಷೆವರ್ಲೆ ಪಿಕಪ್ಪಿನ ಕಿಟ್ಟನ್ನೂ ಇದೇ ಕಂಪನಿ ಹೊರತಂದಿದೆ.

ಈ ಕಿಟ್ಟುಗಳ ಅಳತೆ ಇಪ್ಪತ್ತೈದರಲ್ಲಿ ಒಂದು, ಅಂದರೆ 1/25. ಅಡಿ, ಅಂಗುಲದವರಿಗೆ ಇದು ತಲೆನೋವಿನ ಲೆಕ್ಕ. ಮೀಟರಿನಲ್ಲಿ ಕಲಿತ ನಮ್ಮ ಮಕ್ಕಳಿಗೆ ಸಲೀಸು: ನಿಜವಾದ ಒಂದು ಮೀಟರು ಮಾದರಿಯಲ್ಲಿ ನಾಲ್ಕು ಸೆಂಟಿಮೀಟರ್. ಷೆವರ್ಲೆಯ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 116 ಅಂಗುಲ, ಎಂದರೆ ಸುಮಾರು 295 ಸೆಂ.ಮೀ. ಮಾದರಿಯಲ್ಲಿ ಅದು 11.8 ಸೆಂ.ಮೀ. ಪಕ್ಕದಲ್ಲಿ 175 ಸೆಂ.ಮೀ. ಎತ್ತರದ ಚಾಲಕನನ್ನು ನಿಲ್ಲಿಸುವುದಾದರೆ ಅವನ ಎತ್ತರ ಏಳು ಸೆಂ.ಮೀ.

ಇಲ್ಲಿಯವರೆಗೆ ಭಾಗಾಕಾರ. ಮುಂದೆ ಸ್ವಲ್ಪ ಗಮನಿಸಿ. ಉದ್ದ 25 ಪಟ್ಟು ಕಡಿಮೆಯಾದರೆ ಬಣ್ಣ ಬಳಿಯಬೇಕಾದ ಮೈ 625 ಪಟ್ಟು ಕಡಿಮೆಯಾಗುತ್ತದೆ. ಗಾತ್ರವಂತೂ 15,625 ಪಟ್ಟು! ನಿಜವಾದ ಟ್ರಕ್ಕಿನ ತೂಕ ಸುಮಾರು 1,450 ಕಿಲೋ. ಅದೇ ಕಬ್ಬಿಣ, ಅದೇ ಗಾಜು, ಅದೇ ರಬ್ಬರಿನಲ್ಲಿ ಮಾದರಿಯನ್ನು ಮಾಡಿದರೂ ಅದು ತೂಗುವುದು 93 ಗ್ರಾಂ ಮಾತ್ರ. ಇರುವೆ ತನಗಿಂತ ಭಾರವಾದ ಕಾಳನ್ನು ಹೊರುವುದು ಹೇಗೆ, ಆನೆಗೆ ಅಷ್ಟು ದಪ್ಪ ಕಾಲೇಕೆ ಎಂಬ ಪ್ರಶ್ನೆಗಳ ಬೇರು ಇರುವುದು ಇದೇ ಲೆಕ್ಕದಲ್ಲಿ. ಪುಸ್ತಕದಲ್ಲಿ ಓದಿ ಮರೆಯುವ ಘನ ಮತ್ತು ವರ್ಗ ಇಲ್ಲಿ ಕೈಗೆ ಸಿಗುತ್ತವೆ.

ಯಾರ ಟ್ರಕ್ಕು ಇದು?

ಪೆಟ್ಟಿಗೆಯ ಮೇಲಿನ ಚಿತ್ರದಂತೆ ಕಟ್ಟುವುದು ಒಂದು ಬಗೆ. ಅದು ಕಾಪಿ ಬರವಣಿಗೆ ಇದ್ದಂತೆ. ಕೈ ಪಳಗಲು ಬೇಕು, ಅದನ್ನು ಹೀಗಳೆಯಬಾರದು. ಆದರೆ ಹವ್ಯಾಸಿಗಳು ಒಂದೆರಡು ಗಾಡಿ ಕಟ್ಟಿದ ಮೇಲೆ ಸೂಚನೆಯ ಹಾಳೆಯನ್ನು ಬದಿಗಿಟ್ಟು ತಮ್ಮದೇ ಟ್ರಕ್ಕು ಕಟ್ಟಲು ಹೊರಡುತ್ತಾರೆ. ಆಗ ಬ್ಲೇಡು ಹಿಡಿಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಯಾರ ಟ್ರಕ್ಕು ಇದು?

ಗೋಧಿ ಬೆಳೆಯುವ ರೈತನದೇ? ಹಾಗಾದರೆ ತೊಟ್ಟಿಯ ಅಂಚಿನ ಬಣ್ಣ ಕಿತ್ತಿರಬೇಕು, ಹತ್ತಿಳಿಯುವ ಮೆಟ್ಟಿಲು ಸವೆದಿರಬೇಕು, ಚಾಲಕನ ಕಡೆಯ ಸೀಟು ಕುಸಿದಿರಬೇಕು. ಪಟ್ಟಣದ ಯುವಕನೊಬ್ಬ ಸಂಬಳದ ಹಣ ಸುರಿದು ಸಿಂಗರಿಸಿದ್ದೇ? ಹಾಗಾದರೆ ಚಾಸಿಯ ಅಡಿಯೂ ಥಳಥಳಿಸಬೇಕು. ಒಂದೇ ಗಾಡಿಯಲ್ಲಿ ಹೊಚ್ಚಹೊಸ ಕ್ರೋಮಿಯಂ ಚಕ್ರ, ತೂತು ಬಿದ್ದ ಮಡ್‌ಗಾರ್ಡು, ರೇಸಿನ ಎಂಜಿನ್ನು ಎಲ್ಲವೂ ಸೇರಿದರೆ ನೋಡುವವನ ಕಣ್ಣು ತಕ್ಷಣ ‘ಇದು ಆಟಿಕೆ’ ಎಂದುಬಿಡುತ್ತದೆ. ಪೆಟ್ಟಿಗೆಯಲ್ಲಿ ಇದೆಯೆಂದು ಎಲ್ಲವನ್ನೂ ಅಂಟಿಸುವುದು ಹೊಸಬರ ಸಾಮಾನ್ಯ ಚಪಲ. ಮದುವೆಮನೆಯ ಎಲೆಯಲ್ಲಿ ಎಲ್ಲವನ್ನೂ ಕಲಸಿದ ಹಾಗೆ!

ಯಾವ ವರ್ಷದ ಗಾಡಿ ಎಂಬುದೂ ಮುಖ್ಯ. ಈ ಸರಣಿಯಲ್ಲಿ 1953ರವರೆಗೆ ಮುಂಗಾಜು ಎರಡು ತುಂಡು, ನಡುವೆ ಒಂದು ಪಟ್ಟಿ. 1954ರಲ್ಲಿ ಒಂದೇ ಗಾಜು ಬಂತು, ಮುಂದಿನ ಜಾಲರಿಯೂ ಬದಲಾಯಿತು. ಕ್ಯಾಬಿನ್ನಿನ ಹಿಂದಿನ ಮೂಲೆಗಳಲ್ಲಿ ಬಾಗಿದ ಪುಟ್ಟ ಗಾಜುಗಳಿದ್ದರೆ ಅದು ಹೆಚ್ಚು ಹಣ ಕೊಟ್ಟು ಕೊಂಡದ್ದು. ಎರಡು ತುಂಡು ಗಾಜಿನ ಗಾಡಿಗೆ 1954ರ ಜಾಲರಿ ಕೂರಿಸಬಾರದೆಂದೇನೂ ಇಲ್ಲ. ಆದರೆ ಅದು ಗೊತ್ತಿದ್ದು ಮಾಡಿದ್ದಾಗಿರಬೇಕು. ಹೀಗೆ ಹಳೆಯ ಜಾಹೀರಾತು, ಛಾಯಾಚಿತ್ರಗಳನ್ನು ಹುಡುಕಿ, ಒಂದನ್ನೊಂದು ಹೋಲಿಸಿ, ಯಾವುದನ್ನು ನಂಬಬೇಕು ಎಂದು ತೀರ್ಮಾನಿಸುವ ಕೆಲಸಕ್ಕೆ ಕಾಲೇಜಿನಲ್ಲಿ ಸಂಶೋಧನೆ ಎನ್ನುತ್ತಾರೆ.

ಕತ್ತರಿಸಿದ ಮೇಲೆ

ಗಾಡಿಯನ್ನು ಮಾರ್ಪಡಿಸುವ ಗೀಳು ಹಬ್ಬಿದ್ದು ಕ್ಯಾಲಿಫೋರ್ನಿಯಾದಲ್ಲಿ, ಯುದ್ಧದ ಆಸುಪಾಸಿನ ವರ್ಷಗಳಲ್ಲಿ. ಸ್ಯಾಮ್ ಮತ್ತು ಜಾರ್ಜ್ ಬ್ಯಾರಿಸ್ ಎಂಬ ಅಣ್ಣತಮ್ಮಂದಿರ ವರ್ಕ್‌ಷಾಪು ಅದರಲ್ಲಿ ದೊಡ್ಡ ಹೆಸರು. ಅವರ ಎರಡು ಮುಖ್ಯ ವರಸೆಗಳೆಂದರೆ ತಲೆ ತಗ್ಗಿಸುವುದು ಮತ್ತು ಮೈ ತಗ್ಗಿಸುವುದು. ಕಿಟಕಿಗಳ ಮಟ್ಟದಲ್ಲಿ ಒಂದು ಪಟ್ಟಿಯಷ್ಟು ಕತ್ತರಿಸಿ ತೆಗೆದು, ಚಾವಣಿಯನ್ನು ಕೆಳಗಿಳಿಸಿ ಬೆಸೆದರೆ ಗಾಡಿಗೆ ಹುಬ್ಬುಗಂಟಿಕ್ಕಿದ ಕಳೆ ಬರುತ್ತದೆ. ಮುಂದೆ ಇದೇ ಜಾರ್ಜ್ ಬ್ಯಾರಿಸ್ ಎ.ಎಂ.ಟಿ. ಕಿಟ್ಟುಗಳಿಗೂ ಸಲಹೆಗಾರನಾದ.

ಕಾಗದದ ಮೇಲೆ ಸುಲಭ. ನಿಜದಲ್ಲಿ ಮೂರು ಅಂಗುಲ ತಗ್ಗಿಸುವುದೆಂದರೆ ಮಾದರಿಯಲ್ಲಿ ಮೂರು ಮಿಲಿಮೀಟರ್. ಸಣ್ಣ ಗರಗಸದಿಂದ ಕುಯ್ದು ತೆಗೆದು, ಚಾವಣಿಯನ್ನು ಕೆಳಗಿಟ್ಟು ನೋಡಿ: ಕೂರುವುದಿಲ್ಲ! ಏಕೆ? ಮುಂಗಾಜಿನ ಕಂಬಗಳು ನೆಟ್ಟಗಿಲ್ಲ, ಹಿಂದಕ್ಕೆ ವಾಲಿವೆ. ಕೆಳಗೆ ಹೋದಂತೆ ಅವು ಮುಂದಕ್ಕೆ ಚಾಚುತ್ತವೆ. ಆದ್ದರಿಂದ ಮೇಲಿನ ಮಟ್ಟಕ್ಕೆ ಅಳತೆಯಾಗಿದ್ದ ಚಾವಣಿ ಕೆಳಗಿನ ಮಟ್ಟಕ್ಕೆ ಗಿಡ್ಡವಾಗುತ್ತದೆ. ಈಗ ಎರಡೇ ದಾರಿ. ಕಂಬಗಳನ್ನು ಇನ್ನಷ್ಟು ಹಿಂದಕ್ಕೆ ಬಾಗಿಸಬೇಕು, ಇಲ್ಲವೆ ಚಾವಣಿಯನ್ನು ಅಡ್ಡಕ್ಕೆ ಕುಯ್ದು ನಡುವೆ ಪ್ಲಾಸ್ಟಿಕ್ ಪಟ್ಟಿ ಸೇರಿಸಿ ಉದ್ದ ಮಾಡಬೇಕು. ಎರಡನೆಯ ದಾರಿ ಹಿಡಿದರೆ ಬೆಸುಗೆಯ ಜಾಗಕ್ಕೆ ಪುಟ್ಟಿ ಮೆತ್ತಿ, ಒಣಗಿಸಿ, ಉಜ್ಜಿ, ಮತ್ತೆ ಮೆತ್ತಿ ಉಜ್ಜುವ ಕೆಲಸ ಒಂದು ವಾರದ್ದು. ಅಷ್ಟಾದ ಮೇಲೆ ಗಾಜನ್ನು ಮೂರು ಮಿಲಿಮೀಟರ್ ತಗ್ಗಿಸಬೇಕು. ಸೀಟನ್ನೂ ತಗ್ಗಿಸದಿದ್ದರೆ ಏಳು ಸೆಂಟಿಮೀಟರಿನ ಚಾಲಕನ ತಲೆ ಚಾವಣಿಗೆ ತಾಗೀತು.

ಮೈ ತಗ್ಗಿಸುವುದೂ ಹಾಗೆಯೇ. ಗಾಡಿ ನೆಲಕ್ಕೆ ಹತ್ತು ಸೆಂಟಿಮೀಟರ್ ಹತ್ತಿರ ಬರಬೇಕೆಂದರೆ ಮಾದರಿಯ ಆಕ್ಸಲ್ಲುಗಳನ್ನು ನಾಲ್ಕು ಮಿಲಿಮೀಟರ್ ಮೇಲಕ್ಕೆ ಕೂರಿಸಬೇಕು. ಮೇಲೆ ಹೋದ ಹಿಂದಿನ ಆಕ್ಸಲ್ಲು ಚಾಸಿಯ ಉದ್ದಪಟ್ಟಿಗೆ ಬಡಿಯುತ್ತದೆ. ಅಲ್ಲಿ ಅರ್ಧಚಂದ್ರಾಕಾರದಲ್ಲಿ ಕೊರೆದು ದಾರಿ ಬಿಡಬೇಕು, ಕೊರೆದ ಜಾಗಕ್ಕೆ ಪಕ್ಕದಿಂದ ಬಲ ಕೊಡಬೇಕು. ಎಂಜಿನ್ನಿನಿಂದ ಹಿಂದಕ್ಕೆ ಹೋಗುವ ಶಾಫ್ಟು ತೊಟ್ಟಿಯ ತಳಕ್ಕೆ ತಾಗುತ್ತದೆ. ಮುಂದಿನ ಚಕ್ರ ತಿರುಗಿಸಿದರೆ ಮಡ್‌ಗಾರ್ಡಿಗೆ ಉಜ್ಜುತ್ತದೆ. ಪ್ಲಾಸ್ಟಿಕ್ ಗಾಡಿ ಓಡುವುದಿಲ್ಲವಲ್ಲ, ಇದನ್ನೆಲ್ಲ ಯಾರು ನೋಡುತ್ತಾರೆ ಎನ್ನಬಹುದು. ಒಳ್ಳೆಯ ಮಾದರಿಕಾರ ಹಾಗೆನ್ನುವುದಿಲ್ಲ. ನಿಜವಾಗಿ ಓಡುವಂತಿದ್ದರೆ ಇದು ಓಡೀತೇ ಎಂಬ ಒಂದೇ ತಕ್ಕಡಿಯಲ್ಲಿ ಅವನು ತೂಗುತ್ತಾನೆ. ಒಂದನ್ನು ಬದಲಾಯಿಸಿದರೆ ಇನ್ನೈದು ಬದಲಾಗುತ್ತವೆ, ಅವನ್ನು ಮೊದಲೇ ಊಹಿಸುವುದೇ ವಿನ್ಯಾಸ ಎಂಬುದನ್ನು ಇಷ್ಟು ಅಗ್ಗವಾಗಿ ಕಲಿಸುವ ಶಾಲೆ ಇನ್ನೊಂದಿಲ್ಲ. ಇಲ್ಲಿ ತಪ್ಪಿದರೆ ಹೋಗುವುದು ಒಂದು ತುಂಡು ಪ್ಲಾಸ್ಟಿಕ್.

ಬಾಂಬೆ ಐವರಿ

ಮಾರ್ಕ್ಸಿನ ಪ್ರಶ್ನೆಗೆ ಈಗ ಬರೋಣ. ಜನರಲ್ ಮೋಟರ್ಸಿನ ಬಾಡಿ ಕಟ್ಟುವ ವಿಭಾಗಕ್ಕೆ ಫಿಷರ್ ಬಾಡಿ ಎಂದು ಹೆಸರು. ಅದು 1930ರಲ್ಲಿ ಹದಿಹರೆಯದ ಹುಡುಗರಿಗಾಗಿ ಮಾದರಿ ಕಟ್ಟುವ ಸ್ಪರ್ಧೆಯೊಂದನ್ನು ಆರಂಭಿಸಿತು. ಹೆಸರು ಫಿಷರ್ ಬಾಡಿ ಕ್ರಾಫ್ಟ್ಸ್‌ಮನ್ಸ್ ಗಿಲ್ಡ್. ಮೊದಲು ಕೊಟ್ಟ ನಕ್ಷೆಯಂತೆ ನೆಪೋಲಿಯನ್ ಕಾಲದ ಸಾರೋಟನ್ನು ಕಟ್ಟಬೇಕಿತ್ತು. 1937ರಿಂದ ಸ್ವಂತ ಕಲ್ಪನೆಯ ಕಾರುಗಳಿಗೂ ಅವಕಾಶವಾಯಿತು, ಹನ್ನೆರಡರಲ್ಲಿ ಒಂದರ ಅಳತೆಯಲ್ಲಿ. ಕಿಟ್ ಗಿಟ್ ಏನಿಲ್ಲ. ಮರ ಕೆತ್ತಿ, ಲೋಹ ಉಜ್ಜಿ ಎಲ್ಲವನ್ನೂ ತಾವೇ ಮಾಡಬೇಕು. ಗೆದ್ದವರಿಗೆ ಕಾಲೇಜಿನ ವಿದ್ಯಾರ್ಥಿವೇತನ. 1968ರವರೆಗೆ ನಡೆದ ಈ ಸ್ಪರ್ಧೆಯಲ್ಲಿ ಹುಡುಗಿಯರಿಗೆ ಪ್ರವೇಶವಿರಲಿಲ್ಲ ಎಂಬುದು ಮಾತ್ರ ಅದರ ದೊಡ್ಡ ಕೊರತೆ. ಅರ್ಧ ಪ್ರತಿಭೆಯನ್ನು ಬಾಗಿಲ ಹೊರಗೇ ನಿಲ್ಲಿಸಿದ ಹಾಗಾಯಿತು.

1947ರಲ್ಲಿ ರಾಷ್ಟ್ರಮಟ್ಟದ ಮೊದಲ ಬಹುಮಾನ ಗೆದ್ದವನು ಚಕ್ ಜೋರ್ಡನ್ ಎಂಬ ಕ್ಯಾಲಿಫೋರ್ನಿಯಾದ ಯುವಕ. ಎಂ.ಐ.ಟಿ.ಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿ. ಓದು ಮುಗಿದ ಕೂಡಲೇ, 1949ರಲ್ಲಿ, ಜನರಲ್ ಮೋಟರ್ಸ್ ಅವನನ್ನು ಕೆಲಸಕ್ಕೆ ಕರೆಯಿತು. ಅವನಿಗೆ ಸಿಕ್ಕಿದ್ದು ಟ್ರಕ್ಕುಗಳ ವಿಭಾಗ. ಆಗ ಕಾರು ವಿನ್ಯಾಸಕರ ಮುಂದೆ ಟ್ರಕ್ಕಿನವರಿಗೆ ಅಂಥ ಮರ್ಯಾದೆಯೇನೂ ಇರಲಿಲ್ಲ. ಟ್ರಕ್ಕು ಹೇರು ಹೊರಲಿಕ್ಕೆ ಇರುವುದು, ಅದಕ್ಕೇನು ಚೆಂದ ಎಂಬ ಭಾವನೆ. ನಮ್ಮ 1950ರ ಪಿಕಪ್ಪನ್ನೇ ನೋಡಿ: ಕ್ಯಾಬಿನ್ನಿನ ಹಿಂದೆ ತೊಟ್ಟಿ ಒಳಕ್ಕೆ ಸರಿದಿದೆ, ಅದರ ಹೊರಗೆ ಹಿಂದಿನ ಮಡ್‌ಗಾರ್ಡುಗಳು ಬೇರೆಯಾಗಿ ಉಬ್ಬಿ ನಿಂತಿವೆ. ಜೋರ್ಡನ್ ಕೇಳಿದ ಪ್ರಶ್ನೆ ಸರಳ. ಕ್ಯಾಬಿನ್ನಿನ ಪಕ್ಕದ ಗೋಡೆ ನೇರವಾಗಿ ಹಿಂದಿನ ತುದಿಯವರೆಗೆ ಹರಿದರೆ ಹೇಗಿರುತ್ತದೆ?

ಎಂಜಿನಿಯರುಗಳು ಒಪ್ಪಲಿಲ್ಲ. ಹೊಲದ ಹಾದಿಯಲ್ಲಿ ಟ್ರಕ್ಕಿನ ಚಾಸಿ ತಿರುಚಿಕೊಳ್ಳುತ್ತದೆ. ಕ್ಯಾಬಿನ್ನೂ ತೊಟ್ಟಿಯೂ ಒಂದೇ ಮೈಯಾದರೆ ತಗಡು ಸುಕ್ಕುಗಟ್ಟುತ್ತದೆ ಎಂದರು. ಮಾತು ನ್ಯಾಯವೇ. ಆದ್ದರಿಂದ ನಡುವೆ ಸಣ್ಣ ಸಂದು ಉಳಿಯಿತು, ಆ ಸಂದನ್ನು ಒಂದು ಅಲಂಕಾರದ ಪಟ್ಟಿ ಮರೆಮಾಡಿತು. ಕಡಿಮೆ ಸಂಖ್ಯೆಯಲ್ಲಿ ಮಾರಾಟವಾಗುವ ಗಾಡಿಗೆ ತಗಡು ಒತ್ತುವ ದುಬಾರಿ ಅಚ್ಚು ಬೇಡವೆಂದು, ಮಾಮೂಲು ಉಕ್ಕಿನ ತೊಟ್ಟಿಯ ಹೊರಮೈಗೆ ಫೈಬರ್‌ಗ್ಲಾಸಿನ ಹಲಗೆಗಳನ್ನು ಕೂರಿಸಿದರು. ಹೀಗೆ 1955ರಲ್ಲಿ ಬಂದದ್ದು ಷೆವರ್ಲೆ ಕ್ಯಾಮಿಯೋ ಕ್ಯಾರಿಯರ್. ಹಳೆಯ ತೊಟ್ಟಿ, ಮೇಲೊಂದು ಹೊಸ ಹೊದಿಕೆ! ಪೆಟ್ಟಿಗೆಯ ಭಾಗಗಳ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸುವ ಮಾದರಿಕಾರ ಮಾಡುವುದೂ ಇದನ್ನೇ ತಾನೆ? ಮೊದಲ ವರ್ಷ ಅದಕ್ಕೆ ಬಳಿದ ದಂತವರ್ಣದ ಹೆಸರು ‘ಬಾಂಬೆ ಐವರಿ’, ಅಂಚಿಗೆ ಕೆಂಪು.

ಕ್ಯಾಮಿಯೋ ಮಾರಾಟವಾದದ್ದು ಅಷ್ಟಕ್ಕಷ್ಟೆ, 1958ಕ್ಕೆ ನಿಂತೂಹೋಯಿತು. ಆದರೆ 1957ರಲ್ಲಿ ಫೋರ್ಡ್, 1958ರಲ್ಲಿ ಷೆವರ್ಲೆಯೇ, ಉಕ್ಕಿನಲ್ಲಿ ಅದೇ ನೇರ ಗೋಡೆಯ ತೊಟ್ಟಿಯನ್ನು ತಂದವು. ಇಂದಿನ ಪಿಕಪ್ಪುಗಳ ರೂಪ ಬಹುಮಟ್ಟಿಗೆ ಅದೇ. ಜೋರ್ಡನ್ 1986ರಿಂದ 1992ರವರೆಗೆ ಜನರಲ್ ಮೋಟರ್ಸಿನ ಇಡೀ ವಿನ್ಯಾಸ ವಿಭಾಗದ ಮುಖ್ಯಸ್ಥನಾಗಿದ್ದು ನಿವೃತ್ತನಾದ, 2010ರಲ್ಲಿ ತೀರಿಕೊಂಡ.

ಮಾದರಿ ಕಟ್ಟಿದವರೆಲ್ಲ ಜೋರ್ಡನ್ ಆಗುವುದಿಲ್ಲ, ನಿಜ. ಆಗಬೇಕಾಗಿಯೂ ಇಲ್ಲ. ಆದರೆ ಕಂಪ್ಯೂಟರು ಇಷ್ಟು ಬೆಳೆದ ಮೇಲೂ ಕಾರು ಕಂಪನಿಗಳು ಹೊಸ ಗಾಡಿಯನ್ನು ಜೇಡಿಯಲ್ಲಿ ತಿದ್ದಿ, ಸುತ್ತ ನಡೆದು, ಕೈಯಾಡಿಸಿ ನೋಡುವುದನ್ನು ಬಿಟ್ಟಿಲ್ಲ. ನಮ್ಮ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಪ್ರವೇಶಕ್ಕೆ ಬರೆಯುವ ಪರೀಕ್ಷೆಯ ಜೊತೆಗೆ ಕೈಯಿಂದ ಮಾಡಿ ತೋರಿಸುವ ಪರೀಕ್ಷೆಯೂ ಉಂಟು.

ಬಣ್ಣದ ಪಾಠ

ಕಟ್ಟುವ ಕೆಲಸ ಹೇಗೋ ಸಾಗುತ್ತದೆ. ಹೆಚ್ಚಿನ ಮಾದರಿಗಳು ಕೆಡುವುದು ಬಣ್ಣದ ಹಂತದಲ್ಲಿ. ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಭಾಗಗಳ ಮೇಲೆ ಉಳಿದಿರುತ್ತದೆ. ಆದ್ದರಿಂದ ಮೊದಲು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಬೇಕು. ಇದನ್ನು ಮಾಡದವರ ಬಣ್ಣ ಮೀನಿನ ಹುರುಪೆಯಂತೆ ಏಳುತ್ತದೆ.

ಎರಡನೆಯದು ದಪ್ಪ. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ದಪ್ಪಕ್ಕೆ ಬಣ್ಣ ಬಳಿದಿರೆನ್ನಿ. ಇಪ್ಪತ್ತೈದರಿಂದ ಗುಣಿಸಿ. ನಿಜವಾದ ಟ್ರಕ್ಕಿಗೆ ಎರಡೂವರೆ ಮಿಲಿಮೀಟರ್ ದಪ್ಪ ಬಣ್ಣ ಮೆತ್ತಿದಂತಾಯಿತು! ಬಾಗಿಲಿನ ಸಂದು ನಿಜದಲ್ಲಿ ಐದು ಮಿಲಿಮೀಟರ್ ಇದ್ದರೆ ಮಾದರಿಯಲ್ಲಿ 0.2, ದಪ್ಪ ಬಣ್ಣ ಅದನ್ನು ಮುಚ್ಚಿಯೇಬಿಡುತ್ತದೆ. ಆದ್ದರಿಂದ ತೆಳುವಾಗಿ, ಮೂರು ನಾಲ್ಕು ಸಲ. ಪ್ರತಿ ಸಲವೂ ಪೂರ್ತಿ ಒಣಗಬೇಕು. ನಡುನಡುವೆ 1000, 2000 ನಂಬರಿನ ವಾಟರ್ ಪೇಪರಿನಿಂದ ನೀರು ಹಾಕಿ ಮೆಲ್ಲಗೆ ಉಜ್ಜಬೇಕು. ಕಾರಿಗೆ ಹೊಡೆಯುವ ಮಿಂಚುಬಣ್ಣವನ್ನೇ ಇಲ್ಲಿಗೂ ಹೊಡೆದರೆ ಅದರೊಳಗಿನ ಲೋಹದ ಕಣಗಳು ಈ ಅಳತೆಗೆ ಸಾಸಿವೆ ಕಾಳಿನಷ್ಟು ದಪ್ಪವಾಗಿ ಕಾಣುತ್ತವೆ. ಯಾವ ಬಣ್ಣವನ್ನೇ ಆಗಲಿ ಗಾಡಿಗೆ ತಾಗಿಸುವ ಮೊದಲು ಐಸ್‌ಕ್ರೀಮಿನ ಪ್ಲಾಸ್ಟಿಕ್ ಚಮಚದ ಬೆನ್ನಿಗೆ ಹಚ್ಚಿ ನೋಡುವುದು ಕ್ಷೇಮ. ಚಮಚದ ಬೆನ್ನು ಮಡ್‌ಗಾರ್ಡಿನ ಹಾಗೆಯೇ ಬಾಗಿರುತ್ತದೆ.

ರೈತನ ಟ್ರಕ್ಕಾದರೆ ತುಕ್ಕು ಬೇಕು. ಇದಕ್ಕೆ ಅಡುಗೆಮನೆಯ ಉಪ್ಪೇ ಸಾಕು. ಮೊದಲು ತುಕ್ಕಿನ ಕಂದುಬಣ್ಣ ಬಳಿದು ಒಣಗಿಸಿ. ತುಕ್ಕು ಕಾಣಬೇಕಾದ ಜಾಗವನ್ನು ಒದ್ದೆ ಮಾಡಿ ಹರಳುಪ್ಪಿನ ಪುಡಿ ಉದುರಿಸಿ, ಅದು ಅಂಟಿಕೊಂಡ ಮೇಲೆ ಗಾಡಿಯ ಬಣ್ಣ ಹೊಡೆಯಿರಿ. ಒಣಗಿದ ನಂತರ ಉಪ್ಪನ್ನು ಉಜ್ಜಿ ತೆಗೆದರೆ, ಬಣ್ಣ ಸುಲಿದು ಒಳಗಿನ ತುಕ್ಕು ಕಾಣುವ ಹಾಗೆ ಕಲೆಗಳು ಮೂಡುತ್ತವೆ. ಎಲ್ಲಿ ಉದುರಿಸಬೇಕು? ಮಳೆನೀರು ನಿಲ್ಲುವಲ್ಲಿ, ಚಕ್ರದ ಕೆಸರು ಸಿಡಿಯುವಲ್ಲಿ, ಬಾಗಿಲಿನ ಕೆಳಅಂಚಿನಲ್ಲಿ. ಚಾವಣಿಯ ನಡುಮಧ್ಯೆ ತುಕ್ಕು ಹಾಕಿದರೆ ಯಾರೂ ನಂಬುವುದಿಲ್ಲ. ಮನೆಯ ಹಳೆಯ ಗೇಟನ್ನು ಐದು ನಿಮಿಷ ನೋಡಿದರೆ ಗೊತ್ತಾಗುತ್ತದೆ.

ತೊಟ್ಟಿಯ ನೆಲ ಮರದ್ದು, ಹಲಗೆಗಳ ನಡುವೆ ಉಕ್ಕಿನ ಪಟ್ಟಿಗಳು. ಕಿಟ್ಟಿನ ಪ್ಲಾಸ್ಟಿಕ್ ನೆಲದ ಬದಲು ಐಸ್‌ಕ್ರೀಂ ಕಡ್ಡಿಗಳನ್ನು ತೆಳ್ಳಗೆ ಉಜ್ಜಿ ಹಾಸಬಹುದು, ಸಂದಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ. ಬಾನೆಟ್ ಎತ್ತಿದರೆ ಆರು ಸಿಲಿಂಡರಿನ ಎಂಜಿನ್. ಅದರ ಸ್ಪಾರ್ಕ್ ಪ್ಲಗ್ಗಿನ ವೈರುಗಳು ಕಿಟ್ಟಿನಲ್ಲಿ ಇರುವುದಿಲ್ಲ. ನಿಜದಲ್ಲಿ ಏಳು ಮಿಲಿಮೀಟರ್ ದಪ್ಪದ ವೈರು ಇಲ್ಲಿ 0.28, ಹಳೆಯ ಕರೆಂಟು ವೈರು ಸುಲಿದರೆ ಸಿಗುವ ತಾಮ್ರದ ಎಳೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಪ್ಲಗ್ಗಿಗೊಂದರಂತೆ ಆರು, ಕಾಯಿಲಿನಿಂದ ಒಂದು, ಒಟ್ಟು ಏಳು ಎಳೆ. ಡಿಸ್ಟ್ರಿಬ್ಯೂಟರಿನ ಮುಚ್ಚಳದಿಂದ ಅವು 1-5-3-6-2-4 ಎಂಬ ಸರದಿಯಲ್ಲಿ ಹೊರಡಬೇಕು. ಸಿಲಿಂಡರುಗಳಲ್ಲಿ ಕಿಡಿ ಹಾರುವ ಕ್ರಮ ಅದು. ಅದೇಕೆ 1-2-3 ಅಲ್ಲ ಎಂದು ಮಗಳು ಕೇಳಿದರೆ ಹತ್ತಿರದ ಗ್ಯಾರೇಜಿನ ಮೇಸ್ತ್ರಿಯ ಬಳಿ ಕರೆದುಕೊಂಡು ಹೋಗಿ. ಬೆಂಗಳೂರಿನವರಾದರೆ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಎಂಜಿನ್ನುಗಳನ್ನೇ ತೋರಿಸಬಹುದು.

ಅಪ್ಪ ಅಮ್ಮಂದಿರಿಗೆ

ಕೆಲವು ಮಾತು ಕಟ್ಟುನಿಟ್ಟಾಗಿ ಹೇಳಬೇಕು. ಪ್ಲಾಸ್ಟಿಕ್ಕಿನ ಅಂಟು ಫೆವಿಕಾಲಿನಂತಲ್ಲ. ಅದು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ. ಅದರ ಆವಿ, ಸ್ಪ್ರೇ ಬಣ್ಣದ ಆವಿ ಎರಡೂ ಕೆಟ್ಟವು, ಎರಡಕ್ಕೂ ಬೆಂಕಿ ಹತ್ತುತ್ತದೆ. ಗ್ಯಾಸ್ ಒಲೆ, ದೇವರ ದೀಪದ ಬಳಿ ಬೇಡ. ಕಿಟಕಿ ತೆರೆದ ಕೋಣೆ, ಇಲ್ಲವೆ ತಾರಸಿ. ಪುಟ್ಟಿ ಉಜ್ಜುವಾಗ ನೀರು ಹಾಕಿ ಉಜ್ಜಿದರೆ ಧೂಳು ಏಳುವುದಿಲ್ಲ. ಸಣ್ಣ ಮಕ್ಕಳ ಕೈಗೆ ಬ್ಲೇಡು ಕೊಡುವಾಗ ದೊಡ್ಡವರು ಪಕ್ಕದಲ್ಲಿರಬೇಕು. ಕಿಟಕಿಯ ಗಾಜುಗಳನ್ನು ಮಾತ್ರ ಫೆವಿಕಾಲಿನಿಂದಲೇ ಅಂಟಿಸಿ. ಅದು ಒಣಗಿದರೆ ಪಾರದರ್ಶಕ. ದಿಢೀರ್ ಹಿಡಿಯುವ ಅಂಟು ಗಾಜಿಗೆ ಬಿಳಿ ಮಂಜು ಹಿಡಿಸುತ್ತದೆ.

ಹೊರದೇಶದ ಕಿಟ್ಟುಗಳು ಅಗ್ಗವಲ್ಲ. ಮೊದಲ ಗಾಡಿಗೆ ಅಷ್ಟು ಖರ್ಚು ಬೇಕಾಗಿಯೂ ಇಲ್ಲ. ರಟ್ಟು, ಪ್ಲಾಸ್ಟಿಕ್ ಹಾಳೆ, ಇಂಜೆಕ್ಷನ್ ಸಿರಿಂಜಿನ ಕೊಳವೆ, ಪೆನ್ನಿನ ಮುಚ್ಚಳ ಇಷ್ಟರಲ್ಲೇ ಸೊನ್ನೆಯಿಂದ ಕಟ್ಟಿದವರಿದ್ದಾರೆ. ಆಗ ಅಮೆರಿಕದ ಟ್ರಕ್ಕೇ ಏಕಾಗಬೇಕು? ಸೋದರಮಾವನ ತೋಟದ ಮೂಲೆಯಲ್ಲಿ ನಿಂತ ಹಳೆಯ ಜೀಪು ಆಗಬಹುದು. ಟೇಪು ಹಿಡಿದು ಮಗ ಅಳೆಯಲಿ, ಅಪ್ಪ ಬರೆದುಕೊಳ್ಳಲಿ, ಪ್ರತಿ ಅಳತೆಯನ್ನೂ 25ರಿಂದ ಭಾಗಿಸಿ ಗ್ರಾಫ್ ಹಾಳೆಗೆ ಇಳಿಸಲಿ. ಧರ್ಮಸ್ಥಳಕ್ಕೆ ಹೋದವರು ಅಲ್ಲಿನ ಹಳೆಯ ಕಾರುಗಳ ಸಂಗ್ರಹವನ್ನು ನೋಡದೆ ಬರಬಾರದು. ಬಾಗಿಲಿನ ಕೀಲು, ದೀಪದ ಬಳೆ ಹೇಗಿರುತ್ತಿತ್ತು ಎಂಬುದು ಚಿತ್ರಕ್ಕಿಂತ ಅಲ್ಲಿ ಚೆನ್ನಾಗಿ ತಿಳಿಯುತ್ತದೆ.

ಟ್ಯೂಷನ್ನಿನ ಸಮಯ ಹೋಗುತ್ತದಲ್ಲ ಎನ್ನುವಿರಾ? ಬಣ್ಣ ಒಣಗಲು ಒಂದು ರಾತ್ರಿ ಬೇಕು. ಅವಸರಪಟ್ಟು ಮುಟ್ಟಿದರೆ ಬೆರಳಚ್ಚು ಉಳಿಯುತ್ತದೆ. ಆ ಹೊತ್ತಿನಲ್ಲಿ ಪುಸ್ತಕ ತೆರೆಯಲು ಯಾರ ಅಡ್ಡಿಯೂ ಇಲ್ಲ.

ಕಡೆಯ ಕೆಲಸ ಫೋಟೋ ತೆಗೆಯುವುದು. ಮೇಜಿನ ಮೇಲಿಟ್ಟು ನಿಂತು ತೆಗೆದರೆ ಎಂಥ ಮಾದರಿಯೂ ಆಟಿಕೆಯೇ. ಮೈಕಲ್ ಪಾಲ್ ಸ್ಮಿತ್ ಎಂಬ ಅಮೆರಿಕನ್ ಕಲಾವಿದ 1/24 ಅಳತೆಯ ಪುಟ್ಟ ಕಾರುಗಳನ್ನಿಟ್ಟುಕೊಂಡು ‘ಎಲ್ಜಿನ್ ಪಾರ್ಕ್’ ಎಂಬ ಇಲ್ಲದ ಊರೊಂದನ್ನೇ ಫೋಟೋಗಳಲ್ಲಿ ಕಟ್ಟಿದ್ದ. ಮಾದರಿಗಳನ್ನು ಹೊರಗೆ ಒಂದು ಮೇಜಿನ ಮೇಲೆ ಜೋಡಿಸಿ, ದೂರದ ನಿಜವಾದ ಮನೆ, ಮರಗಳು ಹಿನ್ನೆಲೆಗೆ ಸರಿಯಾಗಿ ಕೂರುವಂತೆ ಕ್ಯಾಮೆರಾ ಹಿಡಿಯುತ್ತಿದ್ದ; 2018ರಲ್ಲಿ ತೀರಿಕೊಂಡ. ಗುಟ್ಟು ಅದೇ ಭಾಗಾಕಾರದಲ್ಲಿದೆ. ನಿಂತ ಮನುಷ್ಯನ ಕಣ್ಣಿನ ಎತ್ತರ ಒಂದೂವರೆ ಮೀಟರ್ ಎಂದಿಟ್ಟುಕೊಂಡರೆ, ಇಪ್ಪತ್ತೈದರಿಂದ ಭಾಗಿಸಿದಾಗ ಆರು ಸೆಂಟಿಮೀಟರ್. ಸಂಜೆ ಬಿಸಿಲಿನಲ್ಲಿ ಟ್ರಕ್ಕನ್ನು ತಾರಸಿಯ ಸಿಮೆಂಟಿನ ಮೇಲಿಟ್ಟು, ಕ್ಯಾಮೆರಾದ ಕಣ್ಣು ನೆಲದಿಂದ ಆರು ಸೆಂಟಿಮೀಟರ್ ಮೇಲಿರುವಂತೆ ಹಿಡಿದು, ಹಿಂದೆ ಪಕ್ಕದ ಮನೆಯ ತೆಂಗಿನಮರ ಬರದ ಹಾಗೆ ನೋಡಿಕೊಂಡು ಕ್ಲಿಕ್ ಮಾಡಿ. ರೈತನದು ನಮ್ಮ ಕಡೆಯ ಟ್ರಕ್ಕೇ ಆದರೆ ತೆಂಗಿನಮರ ಇರಲಿ.